ದೇವರಿಗೆ ಬಿಟ್ಟ ಭೂಮಿ

ಬೆಂಗಳೂರಿನ ಮಡಿವಾಳದ ಸೋಮೇಶ್ವರ ದೇವಾಲಯದ ಹೊರಗೋಡೆಗಳ ತುಂಬ ತಮಿಳು, ಗ್ರಂಥ ಲಿಪಿಯ ಶಾಸನಗಳಿವೆ. 1247ರ ಶಾಸನ ಬೇಗೂರಿನವರೊಬ್ಬರ ಭೂದಾನವನ್ನು ಹೇಳುತ್ತದೆ. ಇನ್ನೊಂದರಲ್ಲಿ ತಾವರೆಕೆರೆಯವರೊಬ್ಬರು ವೆಂಗಳೂರಿನ, ಅಂದರೆ ಬೆಂಗಳೂರಿನ, ದೊಡ್ಡ ಕೆರೆಯ ಕೆಳಗಿನ ಜಮೀನನ್ನು ದೇವರಿಗೆ ಬಿಟ್ಟಿದ್ದಾರೆ.

ಇಂಥ ದಾನಗಳನ್ನು ಕಲ್ಲಿನಲ್ಲಿ ಬರೆಸಿದ ಹಿರಿಯರಿಗೆ ಮನುಷ್ಯನ ದುರಾಸೆ ಚೆನ್ನಾಗಿ ಗೊತ್ತಿತ್ತು. ಕನ್ನಡ ನಾಡಿನ ಎಷ್ಟೋ ದಾನಶಾಸನಗಳು ಶಾಪದಿಂದಲೇ ಮುಗಿಯುತ್ತವೆ: ದತ್ತಿಯನ್ನು ಕಿತ್ತುಕೊಂಡವನಿಗೆ ಗಂಗೆಯ ತಡಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ, 60,000 ವರ್ಷ ಹೇಸಿಗೆಯ ಹುಳುವಾಗುವ ಗತಿ.

ಕಟುವಾದ ಮಾತು, ಆದರೆ ನಿಜ. ಮೊದಲು ಬೇಲಿ ಒಂದು ಮೊಳ ಸರಿಯುತ್ತದೆ. ಯಾರೂ ಕೇಳಲಿಲ್ಲವೆಂದು ಮತ್ತೊಂದು ಮೊಳ. ಕಡೆಗೆ ಕದ್ದದ್ದೇ ಸ್ವಂತದ್ದೆನಿಸುತ್ತದೆ, ದೇವರ ಭಯವೂ ಹೋಗುತ್ತದೆ. ಪಾಪ ಮೊದಲು ತಿನ್ನುವುದು ಮಾಡಿದವನ ಮನಸ್ಸನ್ನೇ.

ಸೋಮೇಶ್ವರನ ದರ್ಶನಕ್ಕೆ ಹೋದವರು ಆ ಗೋಡೆಗಳನ್ನೂ ಒಮ್ಮೆ ಸುತ್ತಿ ನೋಡಲಿ, ಆ ಅಕ್ಷರಗಳ ಮೇಲೆ ಸುಣ್ಣಬಣ್ಣ ಬೀಳದಂತೆ ಕಾಯಲಿ.