ಮಲ್ಲಯ್ಯನ ಜಾತ್ರೆಗೆ ತವರಿನವರು

(ಯುಗಾದಿಗೆ ಮುನ್ನ ಹೈದರಾಬಾದಿನಲ್ಲಿ ಕೂಡಿದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶ್ರೀಶೈಲದ ಯುಗಾದಿ ಜಾತ್ರೆಯ ಕುರಿತು ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳ ಆಜ್ಞೆಯಾಗಿದೆ. ನಾನು ಇತಿಹಾಸಕಾರನಲ್ಲ, ಬಾಗಲಕೋಟೆಯ ಕಡೆಯಿಂದ ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದು ನೆಲೆಸಿದವನು. ಆದರೆ ಹದಿನಾಲ್ಕನೆಯ ವಯಸ್ಸಿನಲ್ಲಿ ಅಜ್ಜನ ಬೆನ್ನುಹತ್ತಿ ಆ ಬೆಟ್ಟಕ್ಕೆ ನಡೆದು ಹೋದವನಾದ್ದರಿಂದ, ಮಾತನಾಡುವ ಅಧಿಕಾರ ನನ್ನ ಅಂಗಾಲಿಗಾದರೂ ಇದೆಯೆಂದು ಒಪ್ಪಿಕೊಂಡೆ.

ಶಿವರಾತ್ರಿಗೆ ಅಲ್ಲಿ ತೆಲುಗು ನಾಡಿನ ಜನ ಹೆಚ್ಚು. ಬಿಸಿಲೇರಿದ ಮೇಲೆ ಬರುವ ಯುಗಾದಿಗೆ ಕನ್ನಡದ ಜನವೇ ಜನ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ರಾಯಚೂರುಗಳಿಂದ ಹೆಗಲ ಮೇಲೆ ಕಂಬಿ ಹೊತ್ತು, ಕೆಲವರು ಮರಗಾಲು ಕಟ್ಟಿಕೊಂಡು, ಕರ್ನೂಲು ದಾಟಿ ಆತ್ಮಕೂರಿನ ಬಳಿ ನಲ್ಲಮಲೆಯ ಕಾಡು ಹೊಗುತ್ತಾರೆ. ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರ. ಇಂಥ ಉರಿಬಿಸಿಲಿನಲ್ಲಿ ಏಕೆ ಎಂದು ಕೇಳಿದರೆ ಅಜ್ಜನ ಉತ್ತರ ಸರಳವಾಗಿತ್ತು: ಹಿಂಗಾರಿ ಜೋಳದ ರಾಶಿ ಮುಗಿದಿದೆ, ಮುಂಗಾರಿನ ಬಿತ್ತನೆಗೆ ಇನ್ನೂ ಎರಡು ತಿಂಗಳಿದೆ, ಒಕ್ಕಲಿಗನಿಗೆ ದೇವರನ್ನು ಕಾಣಲು ಬಿಡುವಿರುವುದೇ ಆಗ.

ಈ ಜಾತ್ರೆಯ ಜೀವಾಳವಿರುವುದು ಒಂದು ನಂಟಸ್ತಿಕೆಯಲ್ಲಿ. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ನಮ್ಮ ಅಳಿಯ. ಹಬ್ಬಕ್ಕೆ ಮಗಳ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಸೀರೆ, ಕುಪ್ಪಸ, ಬಳೆ, ಅರಿಸಿನ ಕುಂಕುಮ ಒಯ್ದು ಉಡಿ ತುಂಬುತ್ತಾರೆ. ಅಮಾವಾಸ್ಯೆಯ ದಿನ ಕೆಂಡ ಹಾಯುವುದು, ಯುಗಾದಿಯ ಸಂಜೆ ತೇರು. ಆ ಕಾಡಿನ ಚೆಂಚು ಜನರೂ ಮಲ್ಲಯ್ಯನನ್ನು ತಮ್ಮ ಅಳಿಯನೆಂದೇ ಕರೆಯುತ್ತಾರೆ. ಅಲ್ಲಿಗೆ ದೇವರಿಗೂ ಎರಡು ಮಾವನ ಮನೆ ತಪ್ಪಲಿಲ್ಲ!

ನಂಟು ಹಳೆಯದು. ಅಕ್ಕಮಹಾದೇವಿ, ಅಲ್ಲಮರ ಕದಳಿ ಅಲ್ಲಿದೆ. ಇಂದು ಮಹಾರಾಷ್ಟ್ರದಲ್ಲಿರುವ ಸೊನ್ನಲಿಗೆಯಿಂದ ಬಾಲಕ ಸಿದ್ಧರಾಮ ಮಲ್ಲಯ್ಯನನ್ನು ಅರಸುತ್ತ ಹೋದದ್ದೂ ಅಲ್ಲಿಗೇ. ತೆಲುಗು, ಕನ್ನಡ ಎರಡರಲ್ಲೂ ಬರೆದ ಪಾಲ್ಕುರಿಕೆ ಸೋಮನಾಥ ತನ್ನ ತೆಲುಗು ‘ಪಂಡಿತಾರಾಧ್ಯ ಚರಿತ್ರ’ದಲ್ಲಿ ಬೆಟ್ಟಕ್ಕೆ ಹೊರಟ ಭಕ್ತರಿಗಾಗಿ ‘ಪರ್ವತ ಪ್ರಕರಣ’ವನ್ನೇ ಮೀಸಲಿಟ್ಟ. ಗುಡಿಯ ಮುಖಮಂಟಪವನ್ನು ಕಟ್ಟಿಸಿದವನು ವಿಜಯನಗರದ ಇಮ್ಮಡಿ ಹರಿಹರ. 1953, 1956, 2014 ಹೀಗೆ ಮೂರು ಸಲ ರಾಜ್ಯಗಳ ಗಡಿ ಎಳೆದರು. ಕಂಬಿ ಹೊತ್ತವರು ಯಾವ ರಾಜ್ಯಕ್ಕೆ ಹೋಗುತ್ತಿದ್ದೇವೆಂದು ಕೇಳಿದ್ದನ್ನು ನಾನು ಕಂಡಿಲ್ಲ.

ಆದರೂ 2022ರ ಯುಗಾದಿಯ ಸಂಗತಿಯನ್ನು ಮರೆಮಾಚಿ ನಾನು ಕುಳಿತುಕೊಳ್ಳಲಾರೆ. ಮಾರ್ಚ್ 30ರ ರಾತ್ರಿ ಅಂಗಡಿಯೊಂದರ ಮುಂದೆ ಎದ್ದ ಸಣ್ಣ ಮಾತು ಬೆಳೆದು ನಮ್ಮ ಕಡೆಯ ಒಬ್ಬ ಯುವಕ ತೀವ್ರವಾಗಿ ಗಾಯಗೊಂಡ. ಅಂಗಡಿಗಳು, ವಾಹನಗಳು ಜಖಂಗೊಂಡವು. ಮರುದಿನ ಬೆಳಿಗ್ಗೆ ಆತ್ಮಕೂರಿನಿಂದ ಅಣ್ಣನ ಮಗ ಫೋನು ಮಾಡಿ, “ನಿಮ್ಮ ಮಂದಿ ಹಿಂಗ ಮಾಡಬಹುದೇನ್ರಿ ಕಾಕಾ?” ಎಂದ. ಫೋನು ಇಡುವಷ್ಟರಲ್ಲಿ ಬಾಗಿಲಲ್ಲಿ ನೆರೆಮನೆಯ ತೆಲುಗು ಮಿತ್ರರು: “ಮೀ ವಾಳ್ಳು ಅಂಗಡಿಗಳನ್ನು ಒಡೆದರಂತಲ್ಲ?” ಮೂವತ್ತು ವರ್ಷ ಎರಡೂ ಕಡೆ ‘ನಮ್ಮವ’ನೆಂದು ಬಾಳಿದವನಿಗೆ ಐದು ನಿಮಿಷದಲ್ಲಿ ಎರಡೂ ಕಡೆಯಿಂದ ‘ನಿಮ್ಮವರು’ ಎಂಬ ಮಾತು ಬಂತು. ಆ ದಿನ ನನಗೆ ಊಟ ಸೇರಲಿಲ್ಲ.

ತಪ್ಪು ಯಾರದೆಂಬ ವಿಚಾರಣೆ ನನ್ನ ಕೆಲಸವಲ್ಲ. ನಡೆದು ದಣಿದವನ ಸಿಟ್ಟನ್ನೂ ಬಲ್ಲೆ. ಐದು ದಿನ ಲಕ್ಷೋಪಲಕ್ಷ ಜನರ ನಡುವೆ ನಿದ್ದೆಗೆಟ್ಟು ವ್ಯಾಪಾರ ಮಾಡುವವನ ಸಿಟ್ಟನ್ನೂ ಊಹಿಸಬಲ್ಲೆ. ಆದರೆ ಮರುವರ್ಷ ಆತ್ಮಕೂರಿಗೆ ಹೋಗಿ, ತೆಲುಗು ರೈತರು ನಡೆಸುವ ಅನ್ನದಾನದ ಚಪ್ಪರದಲ್ಲಿ ಎರಡು ದಿನ ನಿಂತೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ಬಡಿಸುವಾತ ಅನ್ನ ಹಾಕುತ್ತ “ಚಾಲಾ?” ಎನ್ನುತ್ತಾನೆ, ಸಾಕೇ ಎಂದು. ಹಸಿದ ನಮ್ಮವನು “ಚಾಲೂ, ಚಾಲೂ!” ಎನ್ನುತ್ತಾನೆ, ನಡೆಯಲಿ, ಹಾಕುತ್ತಿರು ಎಂದು. ತೆಲುಗಿನವನಿಗೆ ಅದು ‘ಸಾಕು, ಸಾಕು’. ಅವನು ಮುಂದಿನ ಎಲೆಗೆ ಹೋದ. ನಮ್ಮವನಿಗೆ ಅವಮಾನವಾಯಿತು, ಎಲೆ ಬಿಟ್ಟು ಎದ್ದೇಬಿಟ್ಟ. ನಡುವೆ ಹೋಗಿ ಬಿಡಿಸಿ ಹೇಳಿದಾಗ ಇಬ್ಬರೂ ನಕ್ಕರು. ಅನ್ನದ ಬುಟ್ಟಿಯೇ ಹಿಂದಿರುಗಿ ಬಂತು. ನಾನಲ್ಲಿ ಇಲ್ಲದಿದ್ದರೆ ಆ ಮನುಷ್ಯ ಹಸಿವಿನ ಜೊತೆ ಒಂದು ದೂರನ್ನೂ ಹೊತ್ತುಕೊಂಡು ಬೆಟ್ಟ ಹತ್ತುತ್ತಿದ್ದ.

ಎರಡೂ ಭಾಷೆ ಬಲ್ಲವರು ಈ ಸಭಾಂಗಣದಲ್ಲಿ ತುಂಬಿದ್ದೇವೆ. ನಾವು ಜಾತ್ರೆಗೆ ಹೋಗುವುದು ಕಾರಿನಲ್ಲಿ, ದರ್ಶನದ ಸಾಲು ಕರಗಿದ ಮೇಲೆ. ಈ ಸಲ ಅಮಾವಾಸ್ಯೆಗೆ ನಾಲ್ಕು ದಿನ ಮೊದಲೇ ಹೊರಡೋಣ. ಆತ್ಮಕೂರಿನ ಚಪ್ಪರಗಳಲ್ಲಿ ಹೊತ್ತಿಗೆ ಇಬ್ಬರಂತೆ ನಿಲ್ಲಲು ಜನ ಬೇಕು; ಬೊಕ್ಕೆಯೆದ್ದ ಕಾಲಿಗೆ ಹಚ್ಚಲು ಮುಲಾಮು, ಹತ್ತಿ, ಬಟ್ಟೆಪಟ್ಟಿ ಬೇಕು. ತೆಲುಗು ಶಾಲೆಯಲ್ಲಿ ಓದುವ ನಮ್ಮ ಮಕ್ಕಳನ್ನೂ ಕರೆತನ್ನಿ, ಫಲಕಗಳನ್ನು ಓದಿ ಹೇಳುವವರು ಬೇಕಾಗಿದ್ದಾರೆ. ಹೆಸರು ಕೊಡುವವರಿಗಾಗಿ ಕಾರ್ಯದರ್ಶಿಗಳು ಹೊರಬಾಗಿಲ ಬಳಿ ಪುಸ್ತಕ ಇಟ್ಟುಕೊಂಡು ಕುಳಿತಿರುತ್ತಾರೆ.