ದಿಲ್ಲಿಯಲ್ಲಿ ಕನ್ನಡ ಪುಸ್ತಕದ ಬೆಲೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪುಸ್ತಕಗಳನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ವಿದ್ವಾಂಸರು ಅನೇಕರಿರುವ ಈ ಊರಿನಲ್ಲಿ ಬ್ಯಾಂಕಿನ ಗುಮಾಸ್ತರನ್ನು ಏಕೆ ಹಿಡಿದರೋ ಎಂದು ನಮಗೆ ಸೋಜಿಗವಾಯಿತು. ಪುಸ್ತಕದ ಗುಣವನ್ನು ವಿದ್ವಾಂಸರು ಹೇಳಲಿ, ಅದರ ಬೆಲೆಯನ್ನು ಲೆಕ್ಕದವರು ಹೇಳಲಿ ಎಂದು ಅವರು ಯೋಚಿಸಿದ್ದಿರಬೇಕು. ಆದ್ದರಿಂದ ರಸವಿಮರ್ಶೆಯ ಗೊಡವೆಗೆ ಹೋಗದೆ, ದಿಲ್ಲಿಯಲ್ಲಿ ವಾಸವಾಗಿರುವ ಸಾಮಾನ್ಯ ಕನ್ನಡ ಸಂಸಾರಕ್ಕೆ ಓದಲು ಪುಸ್ತಕ ಹೇಗೆ ದೊರೆತೀತು, ಎಷ್ಟಕ್ಕೆ ದೊರೆತೀತು ಎಂಬುದನ್ನಷ್ಟೇ ನಿವೇದಿಸುತ್ತೇವೆ.

ದಿಲ್ಲಿಯೇನೂ ಪುಸ್ತಕಕ್ಕೆ ಬಡ ಊರಲ್ಲ. ಚಾಂದನಿ ಚೌಕದ ಬದಿಯ ನಯೀ ಸಡಕ್ ಪಠ್ಯಪುಸ್ತಕಗಳ ಕಣಜವೆಂಬುದು ಮಕ್ಕಳಿರುವ ಮನೆಯವರಿಗೆಲ್ಲ ಗೊತ್ತು. ಇನ್ನು ದರ್ಯಾಗಂಜಿನ ಭಾನುವಾರದ ಸಂತೆ. ಅಲ್ಲಿಯ ಕಾಲುದಾರಿಯ ಮೇಲೆ ಸುಮಾರು ಅರ್ಧ ಶತಮಾನ ನೆರೆದ ಈ ಹಳೆಯ ಪುಸ್ತಕಗಳ ಸಂತೆ, ಸಂಚಾರಕ್ಕೆ ಅಡ್ಡಿಯೆಂಬ ಕಾರಣದಿಂದ 2019ರ ಜುಲೈಯಲ್ಲಿ ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ ಎದ್ದುಹೋಯಿತು. ಪುಸ್ತಕಪ್ರಿಯರಿಗೆ ಅದು ಸೂತಕದ ಸುದ್ದಿಯೇ ಆಗಿತ್ತು. ಪುಣ್ಯಕ್ಕೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಆಸಫ್ ಅಲಿ ರಸ್ತೆಯ ಮಹಿಳಾ ಹಾಟ್ ಎಂಬ ಆವರಣದಲ್ಲಿ ಮತ್ತೆ ನೆಲೆಗೊಂಡಿತು. ಇನ್ನೂರಕ್ಕೂ ಹೆಚ್ಚು ಮಂದಿ ವ್ಯಾಪಾರಿಗಳು, ಗುಡ್ಡೆ ಗುಡ್ಡೆ ಪುಸ್ತಕಗಳು. ಇಂಗ್ಲಿಷ್ ಕಾದಂಬರಿಯನ್ನು ಬದನೆಕಾಯಿಯಂತೆ ತೂಗಿ ಕೊಡುವವರೂ ಇದ್ದಾರೆ.

ಈ ಊರಿಗೆ ನಾವು ವರ್ಗವಾಗಿ ಬಂದು ಎಂಟು ವರ್ಷವಾಯಿತು. ತಿಂಗಳಿಗೊಮ್ಮೆಯಾದರೂ ಆ ಸಂತೆಗೆ ಹೋಗುವ ಪರಿಪಾಠವಿದೆ. ಇಷ್ಟು ವರ್ಷಗಳಲ್ಲಿ ಅಲ್ಲಿ ನಮಗೆ ಸಿಕ್ಕಿದ ಕನ್ನಡ ಪುಸ್ತಕಗಳು ಒಟ್ಟು 11. ಬಹುಮಟ್ಟಿಗೆ ಅವು ತೆಲುಗು ಪುಸ್ತಕಗಳೊಡನೆ ಒಂದೇ ಹುರಿಯಲ್ಲಿ ಕಟ್ಟಿರುತ್ತವೆ. ವ್ಯಾಪಾರಿಗೆ ಎರಡೂ ‘ಮದ್ರಾಸಿ’. ಲಿಪಿಗಳು ಅಕ್ಕತಂಗಿಯರಂತೆ ಇರುವುದರಿಂದ ಅವನ ಮೇಲೆ ತಪ್ಪು ಹೊರಿಸುವಂತೆಯೂ ಇಲ್ಲ.

ಆ ಹನ್ನೊಂದರಲ್ಲಿ ತ್ರಿವೇಣಿಯವರ ಕಾದಂಬರಿಯೊಂದು. ನಾವು ಕೊಟ್ಟದ್ದು 30 ರೂಪಾಯಿ. ಮನೆಗೆ ತಂದು ಬಿಡಿಸಿದರೆ ಮೊದಲ ಪುಟದಲ್ಲಿ ಹಸಿರು ಶಾಯಿಯಲ್ಲಿ ಒಬ್ಬ ಹೆಣ್ಣುಮಗಳ ಹೆಸರು, ಅದರ ಕೆಳಗೆ ‘ಲೋದಿ ಕಾಲೊನಿ, 1962’ ಎಂದು ಮುದ್ದಾದ ಅಕ್ಷರ. ನಡುವೆ ಎಲ್ಲಿಯೋ ಹಾಲಿನ ಲೆಕ್ಕ ಬರೆದ ಚೀಟಿ. ಸರಕಾರಿ ನೌಕರಿಗೆಂದು ಗಂಡನೊಡನೆ ಮೈಸೂರು ಸೀಮೆಯಿಂದಲೋ ಧಾರವಾಡದ ಕಡೆಯಿಂದಲೋ ಬಂದ ತಾಯಿ, ಹಿಂದಿ ಬಾರದ ಊರಿನಲ್ಲಿ, ಮಧ್ಯಾಹ್ನದ ಹೊತ್ತು ಓದಿದ ಪುಸ್ತಕವಿರಬೇಕು. ಅವರಂಥವರಿಗೆ ಆ ದಿನಗಳಲ್ಲಿ ಕನ್ನಡ ಕೇಳಬೇಕೆಂದರೆ ಒಂದು ರೇಡಿಯೋ, ಒಂದು ಸಂಘ, ಒಂದಿಷ್ಟು ಪುಸ್ತಕ. ಅರುವತ್ತು ವರ್ಷ ಆ ಮನೆಯ ಕಪಾಟಿನಲ್ಲಿದ್ದುದು ದರ್ಯಾಗಂಜಿನ ಸಂತೆಗೆ ಬಂದಿತೆಂದರೆ ಏನರ್ಥ? ಆ ಮನೆ ಖಾಲಿಯಾಯಿತು. ಓದಲು ಬರುವವರು ಅಲ್ಲಿ ಯಾರೂ ಉಳಿದಿರಲಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ಯಾರೂ ಕನ್ನಡ ಪುಸ್ತಕವನ್ನು ಮಾರಲೆಂದು ದಿಲ್ಲಿಗೆ ಹೊತ್ತು ತರುವುದಿಲ್ಲ. ಇಲ್ಲಿ ಸಿಕ್ಕುವ ಒಂದೊಂದು ಹಳೆಯ ಕನ್ನಡ ಪುಸ್ತಕವೂ ಇಲ್ಲಿಯದೇ ಒಂದು ಮನೆಯಿಂದ ಹೊರಬಿದ್ದದ್ದು. ಈ ಮಾತಿಗೆ ಮತ್ತೆ ಬರುತ್ತೇವೆ.

ಹಾಗಾದರೆ ಗ್ರಂಥಾಲಯಗಳಿಲ್ಲವೆ ಎಂದು ನೀವು ಕೇಳಬಹುದು. ಹಳೆ ದಿಲ್ಲಿಯ ರೈಲು ನಿಲ್ದಾಣದ ಎದುರಿಗೆ ದಿಲ್ಲಿ ಪಬ್ಲಿಕ್ ಲೈಬ್ರರಿ ಇದೆ. ಯುನೆಸ್ಕೋದ ನೆರವಿನಿಂದ 1951ರ ಅಕ್ಟೋಬರಿನಲ್ಲಿ ತೆರೆದದ್ದು; ಬಾಗಿಲು ತೆರೆದವರು ಪಂಡಿತ ನೆಹರೂ. 1954ರ ಒಂದು ಶಾಸನದ ಪ್ರಕಾರ ಭಾರತದಲ್ಲಿ ಪ್ರಕಟವಾಗುವ ಪ್ರತಿಯೊಂದು ಪುಸ್ತಕದ ಒಂದೊಂದು ಪ್ರತಿಯನ್ನು ಪ್ರಕಾಶಕರು ತಮ್ಮ ಖರ್ಚಿನಲ್ಲಿ ನಾಲ್ಕು ಗ್ರಂಥಾಲಯಗಳಿಗೆ ಕಳಿಸಿಕೊಡಬೇಕು. ಕಲ್ಕತ್ತೆ, ಮದರಾಸು, ಮುಂಬಯಿಗಳವು ಮೂರಾದರೆ, ಇದು ನಾಲ್ಕನೆಯದು. ಎಂದರೆ ಕನ್ನಡದಲ್ಲಿ ಅಚ್ಚಾದ ಪುಸ್ತಕವೆಲ್ಲ ಕಾನೂನಿನ ಕಣ್ಣಿನಲ್ಲಿ ದಿಲ್ಲಿಯಲ್ಲಿ ಇದ್ದೇ ಇದೆ! ಕಳಿಸದ ಪ್ರಕಾಶಕರಿಗೆ ದಂಡವೂ ಉಂಟು: 50 ರೂಪಾಯಿಯವರೆಗೆ, ಜೊತೆಗೆ ಆ ಪುಸ್ತಕದ ಬೆಲೆ. ಇಂದಿನ ಅಂಚೆಯ ಖರ್ಚನ್ನು ನೋಡಿದರೆ ನಾಲ್ಕು ಕಡೆಗೆ ಕಳಿಸುವುದಕ್ಕಿಂತ ದಂಡ ತೆರುವುದೇ ಲಾಭವೆಂದು ಯಾರಾದರೂ ಲೆಕ್ಕ ಹಾಕಿದರೆ ಆಶ್ಚರ್ಯವಿಲ್ಲ. ಫಿರೋಜ್‌ಶಾ ರಸ್ತೆಯ ರವೀಂದ್ರ ಭವನದಲ್ಲಿ ಸಾಹಿತ್ಯ ಅಕಾಡೆಮಿಯ ಗ್ರಂಥಾಲಯವಿದೆ; ಕನ್ನಡದ ವಿಭಾಗವೂ ಇದೆ. ಅಭ್ಯಾಸ ಮಾಡುವವರಿಗೆ ಅದು ಭಾಗ್ಯವೇ ಸರಿ. ಆದರೆ ನೋಯ್ಡಾದಲ್ಲಿಯೋ ಗುರುಗ್ರಾಮದಲ್ಲಿಯೋ ಮನೆ ಮಾಡಿಕೊಂಡು, ಮಕ್ಕಳ ಶಾಲೆ, ಅತ್ತೆಯವರ ಔಷಧ, ಮೆಟ್ರೋದ ನೂಕುನುಗ್ಗಲು ಇವುಗಳ ನಡುವೆ ದಿನ ಕಳೆಯುವ ಗೃಹಿಣಿ ಒಂದು ಕಾದಂಬರಿಗಾಗಿ ಅಲ್ಲಿಗೆ ಹೋಗಿಬರುವುದು ಆಗುವ ಮಾತೆ?

ಓದುಗರಿಗೆ ಪುಸ್ತಕ ಮುಟ್ಟಿಸುವ ಚಿಂತೆ ಕನ್ನಡದವರಿಗೆ ಹೊಸದಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಕಥೆಯನ್ನು ನಮ್ಮ ಹಿರಿಯರು ಕೇಳಿಯೇ ಇದ್ದೀರಿ. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಚಂದಾದಾರರನ್ನು ಕೂಡಿಸಿಕೊಂಡರು. ಓದುಗರು ಮೊದಲೇ ಹಣ ಕೊಟ್ಟಿದ್ದರೆ ಪ್ರಕಾಶಕರಿಗೆ ಎಷ್ಟು ಪ್ರತಿ ಅಚ್ಚು ಹಾಕಬೇಕೆಂಬುದು ತಿಳಿಯುತ್ತದೆ, ಓದುಗರಿಗೆ ಬೆಲೆ ಇಳಿಯುತ್ತದೆ. ಕೆಂಗಲ್ ಹನುಮಂತಯ್ಯನವರ ಉತ್ಸಾಹದಿಂದ ಮೈಸೂರು ಸರಕಾರ ಕುಮಾರವ್ಯಾಸನ ಭಾರತವನ್ನು ಎರಡು ರೂಪಾಯಿಗೆ ಜನರ ಕೈಗಿತ್ತಿತು. ಕುವೆಂಪು, ಮಾಸ್ತಿಯವರಂಥವರು ಸಂಪಾದಿಸಿದ ಗ್ರಂಥ! ಇವತ್ತಿಗೂ ಅನೇಕ ಮನೆಗಳಲ್ಲಿ ದೇವರ ಗೂಡಿನ ಪಕ್ಕದಲ್ಲಿರುವ ಭಾರತ ಅದೇ. ಕನ್ನಡ ಪುಸ್ತಕಗಳು ಈಗ ಸಾಮಾನ್ಯವಾಗಿ ಐನೂರು ಸಾವಿರ ಪ್ರತಿ ಅಚ್ಚಾಗುವವು. ಜೋಡಣೆಯ ಖರ್ಚು, ಮುಖಪುಟದ ಖರ್ಚು ಆ ಕೆಲವೇ ಪ್ರತಿಗಳ ಮೇಲೆ ಹರಡಬೇಕಾದುದರಿಂದ ಬೆಲೆ ಏರುತ್ತದೆ. ಪ್ರಕಾಶಕರನ್ನು ಬೈಯುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಆದರೆ ದಿಲ್ಲಿಯವರಾದ ನಮಗೆ ಮುಖಪುಟದ ಹಿಂದೆ ಅಚ್ಚಾದ ಬೆಲೆ ಪೂರ್ತಿ ಬೆಲೆಯಲ್ಲ. ಅದರ ಮೇಲೆ ದೂರದ ಬೆಲೆ ಕೂಡುತ್ತದೆ. ವಿಮಾನದಲ್ಲಿ ಬಂದರೆ ಸಾಮಾನ್ಯವಾಗಿ 15 ಕಿಲೋ ಸಾಮಾನು. ಅದರಲ್ಲಿ ಚಟ್ನಿಪುಡಿ, ಹಪ್ಪಳ, ಕೆಂಪಕ್ಕಿ ಹೋಗಿ ಉಳಿದ ಜಾಗ ಪುಸ್ತಕಕ್ಕೆ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಸ್ಲೀಪರಿನವರಿಗೂ 40 ಕಿಲೋ ಉಂಟು. ಓದುವ ಚಟದವರು ಎರಡು ರಾತ್ರಿಯ ಪ್ರಯಾಣವನ್ನು ಸಹಿಸುವುದು ಇದಕ್ಕಾಗಿಯೇ ಎಂದು ನಮ್ಮ ಮನೆಯಾಕೆಯ ಆಪಾದನೆ.

ಊರಿಗೆ ಹೋಗದವರಿಗೆ ಅಂಚೆಯೇ ಗತಿ. ಪುಸ್ತಕಗಳಿಗೆಂದೇ ಇದ್ದ ರಿಜಿಸ್ಟರ್ಡ್ ಬುಕ್ ಪೋಸ್ಟಿನಲ್ಲಿ 5 ಕಿಲೋ ಪುಸ್ತಕ ಸುಮಾರು 80 ರೂಪಾಯಿಗೆ ದೇಶದ ಯಾವ ಮೂಲೆಗಾದರೂ ಹೋಗುತ್ತಿತ್ತು. 2024ರ ಡಿಸೆಂಬರಿನಲ್ಲಿ ಅದನ್ನು ಹಠಾತ್ತನೆ ನಿಲ್ಲಿಸಿಬಿಟ್ಟರು. ಸಣ್ಣ ಪ್ರಕಾಶಕರು ಗೋಳಿಟ್ಟರು, ಪತ್ರಿಕೆಗಳಲ್ಲಿಯೂ ಬಂದಿತು. ಆಮೇಲೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಹೊಸ ಏರ್ಪಾಡು ಬಂದಿದೆ. 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ಮೇಲೆ ತೆರಿಗೆ. ಶಿಕ್ಷಣ, ಸಂಸ್ಕೃತಿ, ಧರ್ಮ ಇಂಥ ವಿಷಯಗಳ ಪುಸ್ತಕಗಳಿಗೆ ಮಾತ್ರ. ಭೂಮಾರ್ಗದಲ್ಲಿ ಬರುವುದರಿಂದ ಅವಸರ ಸಲ್ಲದು.

ಇಲ್ಲಿ ಸ್ವಲ್ಪ ಲೆಕ್ಕ ಕೇಳಿ. ಸಾಧಾರಣ ಕಾದಂಬರಿಯ ತೂಕ 300 ಗ್ರಾಮ್ ಎನ್ನೋಣ. ಒಂದನ್ನೇ ತರಿಸಿದರೆ ಅಂಚೆಗೆ 20 ರೂಪಾಯಿ. 16 ಪುಸ್ತಕಗಳನ್ನು ಒಂದೇ ಕಟ್ಟಿನಲ್ಲಿ ತರಿಸಿದರೆ 4 ಕಿಲೋ 800 ಗ್ರಾಮ್. ಕಟ್ಟುವ ಕಾಗದಕ್ಕೆ 200 ಗ್ರಾಮ್ ಬಿಡಿ. ಅಂಚೆಗೆ 100 ರೂಪಾಯಿ. ಪುಸ್ತಕವೊಂದಕ್ಕೆ ಆರೂಕಾಲು ರೂಪಾಯಿ! ಅಂಗಡಿಯವರೂ ಹದಿನಾರಕ್ಕೆ ರಿಯಾಯಿತಿ ಕೊಡುತ್ತಾರೆ, ಒಂದಕ್ಕೆ ಕೊಡುವುದಿಲ್ಲ. ಒಬ್ಬರು 16 ಪುಸ್ತಕ ಕೊಳ್ಳುವುದು ಕಷ್ಟ. ಎಂಟು ಮನೆಯವರು ಎರಡೆರಡು ಕೊಂಡರೆ ಯಾರಿಗೂ ಭಾರವಿಲ್ಲ. ತಿಂಗಳಿಗೊಮ್ಮೆ ಕೈ ಬದಲಾಯಿಸಿಕೊಂಡರೆ ಎಂಟೂ ಮನೆಗೆ ಹದಿನಾರೂ ಪುಸ್ತಕ ಓದಲು ಸಿಕ್ಕುತ್ತದೆ.

ನಾವು ಐದು ಮನೆಯವರು ಕಳೆದ ವರ್ಷದಿಂದ ಹೀಗೆಯೇ ನಡೆಸುತ್ತಿದ್ದೇವೆ. ಒಂದು ಚೀಲ, ಒಂದು ಲೆಕ್ಕದ ಪುಸ್ತಕ. ನಿಯಮ ಎರಡೇ: ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು, ಓದದೆ ಹಿಂದಿರುಗಿಸಿದರೆ ನಾಚಿಕೆ ಪಡಬೇಕಾಗಿಲ್ಲ. ಹೆಚ್ಚು ಓದಿದವರು ಗಂಡಸರಲ್ಲ ಎಂಬುದು ಲೆಕ್ಕದ ಪುಸ್ತಕದಿಂದ ಸಿದ್ಧವಾಗಿದೆ. ಗಂಡಸರು ಹೆಚ್ಚಾಗಿ ಚರ್ಚೆ ಮಾಡಿದರು. ಒಂದು ಮನೆಯಲ್ಲಿ ಮಗಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಅಲ್ಲಿ ಅಜ್ಜಿ ರಾತ್ರಿ ಊಟವಾದ ಮೇಲೆ ಹತ್ತು ಪುಟ ಗಟ್ಟಿಯಾಗಿ ಓದುತ್ತಾರೆ. ಕಾರಂತರ ಕಾದಂಬರಿಯೊಂದು ಹೀಗೆ ಎರಡು ತಿಂಗಳು ಹಿಡಿಯಿತು, ನಿಯಮ ಸಡಿಲಿಸಿದೆವು.

ಹಳೆಯ ಕನ್ನಡ ಪುಸ್ತಕಗಳು ಸಹಸ್ರಾರು ಇಂಟರ್ನೆಟ್ ಆರ್ಕೈವಿನಲ್ಲಿ ಬಿಟ್ಟಿಯಾಗಿ ಸಿಕ್ಕುತ್ತವೆ ಎಂದು ಯುವಕರು ಹೇಳುತ್ತಾರೆ. ದಿಟ. ಎಲ್ಲಿಯೂ ದೊರೆಯದ ಪುಸ್ತಕಗಳನ್ನು ನಾವೂ ಅಲ್ಲಿಯೇ ಓದಿದ್ದೇವೆ, ಓದಲು ಸಾಧ್ಯವಾಗಿಸಿದವರಿಗೆ ಕೈಮುಗಿಯುತ್ತೇವೆ. ಆದರೆ ಅಲ್ಲಿಗೆ ಹೋಗುವವನಿಗೆ ಯಾವ ಪುಸ್ತಕ ಬೇಕೆಂಬುದು ಮೊದಲೇ ಗೊತ್ತಿರಬೇಕು. ಮನೆಯ ಮೇಜಿನ ಮೇಲೆ ಬಿದ್ದಿರುವ ಪುಸ್ತಕ ಹಾಗಲ್ಲ. ಕರೆಂಟು ಹೋದಾಗ, ಬೇಸರವಾದಾಗ, ಹದಿಮೂರು ವರ್ಷದ ಹುಡುಗನೂ ಅದನ್ನು ಎತ್ತಿ ತಿರುವಿಹಾಕುತ್ತಾನೆ.

ಈಗ ಆಗಲೇ ಬಿಟ್ಟ ಮಾತಿಗೆ ಬರೋಣ. ಹೋದ ಚಳಿಗಾಲದಲ್ಲಿ ಜನಕಪುರಿಯಿಂದ ಪರಿಚಿತರೊಬ್ಬರು ದೂರವಾಣಿ ಮಾಡಿದರು. ಅವರ ತಂದೆ ಕೇಂದ್ರ ಸರಕಾರದಲ್ಲಿ ಕೆಲಸಮಾಡಿ ನಿವೃತ್ತರಾದವರು, ತೀರಿಕೊಂಡು ಆರು ತಿಂಗಳಾಗಿತ್ತು. ಮನೆ ಮಾರಾಟವಾಗಿದೆ, ಮಗ ಪುಣೆಗೆ ಹೊರಟಿದ್ದಾರೆ. “ಅಪ್ಪನ ಪುಸ್ತಕ ಇದೆ, ರದ್ದಿಯವನು ನಾಳೆ ಬೆಳಿಗ್ಗೆ ಬರುತ್ತಾನೆ. ನನಗೆ ಓದೋಕೆ ಬರೋದಿಲ್ಲ, ನಿಮಗೆ ಬೇಕಾದರೆ ಇವತ್ತೇ ಬನ್ನಿ” ಎಂದರು. ಮಾತಿನಲ್ಲಿ ಸಂಕೋಚವಿತ್ತು. ಸಂಜೆ ನಾವಿಬ್ಬರು ಗೆಳೆಯರು ಹೋದೆವು. ಎರಡು ತಗಡಿನ ಟ್ರಂಕುಗಳು. ಮಾಸ್ತಿಯವರ ಸಣ್ಣಕತೆಗಳು, ಅ.ನ.ಕೃ. ಅವರ ಕಾದಂಬರಿಗಳ ಒಂದು ಸಾಲು, ಡಿ.ವಿ.ಜಿ.ಯವರ ಕಗ್ಗ, ಬೈಂಡು ಮಾಡಿಸಿದ ಮಾಸಪತ್ರಿಕೆಗಳು, ಆ ಎರಡು ರೂಪಾಯಿಯ ಭಾರತ. ಎಲ್ಲಕ್ಕೂ ಕಂದು ಕಾಗದದ ಹೊದಿಕೆ, ಬೆನ್ನಿನ ಮೇಲೆ ಕ್ರಮಸಂಖ್ಯೆ. ಕೊನೆಯ ಸಂಖ್ಯೆ 214. ರದ್ದಿಯವನ ದರ ಕಿಲೋಗೆ 12 ರೂಪಾಯಿ. ಒಟ್ಟು 60 ಕಿಲೋ ಎಂದುಕೊಂಡರೂ 720 ರೂಪಾಯಿಯ ಮಾತು. ಆ ಹಿರಿಯರು ನಲವತ್ತು ವರ್ಷ, ಗುಮಾಸ್ತೆಯ ಸಂಬಳದಲ್ಲಿ ಉಳಿಸಿ, ರೈಲಿನಲ್ಲಿ ಹೊತ್ತು ತಂದು ಕೂಡಿಸಿದ ಸಂಗ್ರಹ ಅದು.

ಮಗನನ್ನು ನಾವು ದೂಷಿಸುವುದಿಲ್ಲ. ಓದಲು ಬಾರದ ಪುಸ್ತಕವನ್ನು ಎರಡು ಕೋಣೆಯ ಬಾಡಿಗೆ ಮನೆಗೆ ಯಾರು ಹೊತ್ತುಕೊಂಡು ಹೋದಾರು? ಅವರು ದೂರವಾಣಿ ಮಾಡಿದರಲ್ಲ, ಅದೇ ದೊಡ್ಡದು. ಮಾಡದವರ ಮನೆಯ ಪುಸ್ತಕ ಕಾಗದದ ಕಾರ್ಖಾನೆಗೆ ಹೋಗುತ್ತದೆ. ಅದೃಷ್ಟವಿದ್ದರೆ ತೆಲುಗಿನ ಜೊತೆ ಹುರಿಯಲ್ಲಿ ಕಟ್ಟಿಸಿಕೊಂಡು ದರ್ಯಾಗಂಜಿಗೆ ಬರುತ್ತದೆ. ಐವತ್ತು ಅರುವತ್ತರ ದಶಕಗಳಲ್ಲಿ ಈ ಊರಿಗೆ ಬಂದ ತಲೆಮಾರು ಈಗ ತೊಂಬತ್ತರ ಆಸುಪಾಸಿನಲ್ಲಿದೆ. ದಿಲ್ಲಿಯಲ್ಲಿ ಅತಿ ಅಗ್ಗವಾಗಿ ಸಿಕ್ಕುವ ಕನ್ನಡ ಪುಸ್ತಕಗಳು ಅವರ ಟ್ರಂಕುಗಳಲ್ಲಿವೆ: ಅಂಚೆ ಖರ್ಚಿಲ್ಲ, ರೈಲಿನ ತೂಕವಿಲ್ಲ. ಆದರೆ ಇನ್ನು ಹತ್ತು ಹದಿನೈದು ವರ್ಷ ಮಾತ್ರ.

ಆದ್ದರಿಂದ ಇಲ್ಲಿ ನೆರೆದಿರುವ ಹಿರಿಯರಲ್ಲಿ ನಮ್ಮ ವಿನಂತಿ: ಪುಸ್ತಕಗಳನ್ನು ಈಗಲೇ ಕೊಡಿ ಎಂದು ಕೇಳುವುದಿಲ್ಲ, ಅವು ನಿಮ್ಮ ಜೊತೆಯಲ್ಲಿಯೇ ಇರಲಿ. ಒಂದು ಪಟ್ಟಿ ಮಾಡಿ ಕೊಡಿ, ಓದಲು ಕೇಳಿಕೊಂಡು ಬಂದವರಿಗೆ ಎರವಲು ಕೊಡಿ. ಕಿರಿಯರಲ್ಲಿ ವಿನಂತಿ: ರದ್ದಿಯವನಿಗೆ ಹೇಳುವ ಮೊದಲು ನಮಗೊಂದು ಮಾತು ಹೇಳಿ, ಗುರುಗ್ರಾಮವಾಗಲಿ ಫರೀದಾಬಾದಾಗಲಿ, ಬಂದು ಒಯ್ಯುತ್ತೇವೆ. ಜನಕಪುರಿಯ ಆ 214ರಲ್ಲಿ ಗೆದ್ದಲು ತಿಂದ ಒಂಬತ್ತನ್ನು ಬಿಟ್ಟು 205 ಪುಸ್ತಕ ಸದ್ಯ ನಮ್ಮ ಮನೆಯ ಮಂಚದ ಕೆಳಗಿವೆ. ಅವುಗಳ ಪಟ್ಟಿಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಬೇಕಾದ ಪುಸ್ತಕದ ಮುಂದೆ ನಿಮ್ಮ ಹೆಸರು, ಮನೆ ಇರುವ ಬಡಾವಣೆ ಬರೆಯಿರಿ. ಪೆನ್ನನ್ನು ದಾರದಿಂದ ಮೇಜಿಗೆ ಕಟ್ಟಿದೆ. ಬ್ಯಾಂಕಿನವರ ಅಭ್ಯಾಸ, ಮನ್ನಿಸಬೇಕು.