ಲೆಕ್ಕವೂ ಒಂದು ಅಮಾನತ್



ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನ್ (2:282) ಆದೇಶಿಸುತ್ತದೆ. ಇಂದು ಆ ಬರಹ ಕಂಪ್ಯೂಟರಿಗೆ ಬಂದಿದೆ. 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಂಸ್ಥೆಯ ಟ್ಯಾಲಿಯನ್ನು ನಮ್ಮ ತುಬಚಿಯ ಮಕ್ಕಳೂ ಕಲಿಯಬೇಕು.

ಟ್ಯಾಲಿಯಲ್ಲಿ ಬ್ಯಾಕಪ್ ರಿಸ್ಟೋರ್ ಆಗದಿದ್ದರೆ ಗಾಬರಿಯಾಗಬೇಡಿ. ಫೈಲಿರುವ ಜಾಗ ಸರಿಯಾಗಿ ಕೊಟ್ಟಿದ್ದೀರಾ ನೋಡಿ. ಪೆನ್‌ಡ್ರೈವ್‌ನಲ್ಲಿದ್ದರೆ ಮೊದಲು ಹಾರ್ಡ್‌ಡಿಸ್ಕಿಗೆ ನಕಲಿಸಿ. ಹೊಸ ಆವೃತ್ತಿಯ ಬ್ಯಾಕಪ್ ಹಳೆಯದರಲ್ಲಿ ತೆರೆಯದು. ಹೊಸ ಕಂಪನಿಯೇ ಸೃಷ್ಟಿಯಾಗದಿದ್ದರೆ ಡಿಸ್ಕಿನಲ್ಲಿ ಜಾಗ, ಫೋಲ್ಡರಿಗೆ ಬರೆಯುವ ಅನುಮತಿ ಇವೆಯೇ ಪರೀಕ್ಷಿಸಿ.

ಎಲ್ಲಕ್ಕಿಂತ ಮುಖ್ಯವಾಗಿ, ಚಾಲ್ತಿಯಲ್ಲಿರುವ ಫೋಲ್ಡರಿಗೇ ರಿಸ್ಟೋರ್ ಮಾಡಬೇಡಿ. ಬ್ಯಾಕಪ್ ತೆಗೆದ ಮೇಲೆ ಬರೆದ ನಮೂದುಗಳೆಲ್ಲ ಅಳಿಸಿಹೋಗುತ್ತವೆ. ಬೇರೆ ಖಾಲಿ ಫೋಲ್ಡರಿಗೆ ಮಾಡಿ, ತಾಳೆ ನೋಡಿ.

ಜಕಾತ್ ಕೊಟ್ಟವರಿಗೂ ಶಿಷ್ಯವೇತನ ಪಡೆದ ಬಡ ಮಗುವಿಗೂ ಆ ನಮೂದೇ ಸಾಕ್ಷಿ. ಅದನ್ನು ಕಾಯುವುದು ನಮ್ಮ ಹೊಣೆ.